ಗುರುವಾರ ಲೇಹ್‌ಗೆ ಇಳಿದು ಭಾನುವಾರ ಮ್ಯಾರಥಾನ್ ಓಡಬಹುದಾ?

ಪ್ರಶ್ನೆ: ಡಾಕ್ಟ್ರೇ, ನನಗೆ 46 ವರ್ಷ. ದಾವಣಗೆರೆಯ ಸಹಕಾರಿ ಬ್ಯಾಂಕೊಂದರಲ್ಲಿ ಕೆಲಸ. ಏಳು ವರ್ಷದಿಂದ ಓಡುತ್ತಿದ್ದೇನೆ. ಬೆಂಗಳೂರಿನಲ್ಲಿ ಎರಡು, ಮುಂಬೈಯಲ್ಲಿ ಒಂದು ಫುಲ್ ಮ್ಯಾರಥಾನ್ ಮುಗಿಸಿದ್ದೇನೆ. ಒಳ್ಳೆಯ ಟೈಮಿಂಗ್ 4 ಗಂಟೆ 22 ನಿಮಿಷ. ಬೆಳಗ್ಗೆ ಎದ್ದಾಗ ಪಲ್ಸ್ 52 ಇರುತ್ತದೆ. ಸೆಪ್ಟೆಂಬರಿನ ಲಡಾಖ್ ಮ್ಯಾರಥಾನ್‌ನಲ್ಲಿ ಫುಲ್ ಓಡಲು ಹೆಸರು ಕೊಟ್ಟಿದ್ದೇನೆ. ಆರು ದಿನ ರಜೆ ಸಿಗುತ್ತದೆ. ಗುರುವಾರ ಬೆಳಗ್ಗೆ ವಿಮಾನದಲ್ಲಿ ಲೇಹ್‌ಗೆ ಇಳಿಯುವುದು, ಭಾನುವಾರ ಓಡುವುದು, ಆಮೇಲೆ ಮೂರು ದಿನ ಹೆಂಡತಿ ಜೊತೆ ನುಬ್ರಾ, ಪ್ಯಾಂಗಾಂಗ್ ನೋಡಿಕೊಂಡು ಬರುವುದು ಅಂತ ಲೆಕ್ಕ. ವಿಮಾನದ ಟಿಕೆಟ್ ಇನ್ನೂ ಮಾಡಿಸಿಲ್ಲ. ನಮ್ಮ ಓಟದ ಗುಂಪಿನಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ. ಗುರುವಾರವೂ ಬೇಡ, ಶನಿವಾರ ಇಳಿದು ಭಾನುವಾರ ಓಡಿಬಿಡು, ದೇಹಕ್ಕೆ ಗೊತ್ತಾಗುವ ಮೊದಲೇ ಮುಗಿದಿರುತ್ತದೆ ಅಂತ ಒಬ್ಬರು. ಕರ್ಪೂರ ಮೂಸುತ್ತಿದ್ದರೆ ಸಾಕು ಅಂತ ಇನ್ನೊಬ್ಬರು. ಡೈಮಾಕ್ಸ್ ಮಾತ್ರೆ ತಗೋ ಅಂತ ಮತ್ತೊಬ್ಬರು. ತಿಂಗಳಿಗೆರಡು ಸಲ ಮುಳ್ಳಯ್ಯನಗಿರಿಯಲ್ಲಿ ಓಡಿ ಅಭ್ಯಾಸ ಮಾಡಿದರೆ ಸಾಲುತ್ತದಾ? ಹೆಂಡತಿಗೆ 43 ವರ್ಷ, ಬಿಪಿ ಮಾತ್ರೆ ತಗೊಳ್ತಾಳೆ, ಹಿಮೋಗ್ಲೋಬಿನ್ 10 ಇದೆ. ಅವಳು ಓಡುವುದಿಲ್ಲ, ಜೊತೆಗೆ ಬರುತ್ತಾಳೆ ಅಷ್ಟೇ. ಸೆಪ್ಟೆಂಬರಿಗೆ ಇನ್ನೂ ನಾಲ್ಕು ತಿಂಗಳಿದೆ. ಹೋಗಬಹುದಾ?

ಉತ್ತರ: ಹೋಗಬಹುದು. ಆದರೆ ನೀವು ಬರೆದಿರುವ ಲೆಕ್ಕದಲ್ಲಿ ಬೇಡ.

ಟಿಕೆಟ್ ಮಾಡಿಸುವ ಮೊದಲೇ ಕೇಳಿದ್ದೀರಿ, ಅದು ದೊಡ್ಡ ಸಮಾಧಾನ. ಸಾಮಾನ್ಯವಾಗಿ ನನ್ನ ಹತ್ತಿರ ಬರುವವರು ಟಿಕೆಟ್, ಹೋಟೆಲ್ ಎಲ್ಲ ಮಾಡಿಸಿ, ಹೊರಡಲು ಒಂದು ವಾರ ಇರುವಾಗ ಬಂದು "ಏನಾದ್ರೂ ಮಾತ್ರೆ ಕೊಡಿ" ಅನ್ನುತ್ತಾರೆ. ಆಗ ನನ್ನ ಕೈಯಲ್ಲಿ ಹೆಚ್ಚೇನೂ ಇರುವುದಿಲ್ಲ. ನಿಮ್ಮ ಕೈಯಲ್ಲಿ ನಾಲ್ಕು ತಿಂಗಳಿದೆ, ಆರು ದಿನದ ರಜೆಯೂ ಇದೆ. ಆ ರಜೆ ಕಡಿಮೆಯಲ್ಲ. ಅದನ್ನು ಇಟ್ಟಿರುವ ಜಾಗ ಸರಿಯಿಲ್ಲ. ಮೂರು ದಿನ ಓಟಕ್ಕೆ ಮುಂಚೆ, ಮೂರು ದಿನ ಓಟದ ನಂತರ ಅಂತ ಇಟ್ಟಿದ್ದೀರಿ. ವಾಪಸ್ ಬರಲು ಒಂದು ದಿನ ಬಿಟ್ಟು, ಉಳಿದದ್ದನ್ನೆಲ್ಲ ಓಟಕ್ಕೆ ಮುಂಚೆ ತನ್ನಿ. ಯಾಕೆ ಅಂತ ಹೇಳುತ್ತೇನೆ.

ಲೇಹ್ ಪಟ್ಟಣ ಇರುವುದು ಸುಮಾರು 3,500 ಮೀಟರ್ ಎತ್ತರದಲ್ಲಿ. ಅಲ್ಲಿನ ಗಾಳಿಯಲ್ಲಿ ಆಮ್ಲಜನಕದ ಪಾಲು ಕಡಿಮೆ ಅಂತ ಹೆಚ್ಚಿನವರು ತಿಳಿದಿದ್ದಾರೆ. ಹಾಗಲ್ಲ. ದಾವಣಗೆರೆಯಲ್ಲೂ ಶೇಕಡಾ 21, ಲೇಹ್‌ನಲ್ಲೂ ಶೇಕಡಾ 21. ಕಡಿಮೆ ಇರುವುದು ಗಾಳಿಯ ಒತ್ತಡ. ಸಮುದ್ರಮಟ್ಟದ ಒತ್ತಡದ ಸುಮಾರು ಮೂರನೇ ಎರಡು ಭಾಗ ಮಾತ್ರ ಅಲ್ಲಿರುತ್ತದೆ. ಹಾಗಾಗಿ ಒಂದು ಉಸಿರಿಗೆ ಒಳಗೆ ಹೋಗುವ ಆಮ್ಲಜನಕವೂ ಅಷ್ಟೇ. ಊರಿನಲ್ಲಿ ಮೂರು ಲೋಟ ನೀರು ಸಿಗುತ್ತಿದ್ದ ಕಡೆ ಎರಡೇ ಲೋಟ ಸಿಕ್ಕ ಹಾಗೆ.

ದೇಹ ಇದಕ್ಕೆ ಸುಮ್ನೆ ಕೂರುವುದಿಲ್ಲ. ಇಳಿದ ಕೂಡಲೇ ಉಸಿರಾಟ ಜೋರಾಗುತ್ತದೆ, ಪಲ್ಸ್ ಏರುತ್ತದೆ. ಜೋರಾಗಿ ಉಸಿರಾಡಿದರೆ ಆಮ್ಲಜನಕ ಜಾಸ್ತಿ ಸಿಗುತ್ತದೆ, ಅದರ ಜೊತೆಗೆ ಇಂಗಾಲದ ಡೈಆಕ್ಸೈಡ್ ಕೂಡ ಜಾಸ್ತಿ ಹೊರಗೆ ಹೋಗುತ್ತದೆ. ಅದರಿಂದ ರಕ್ತ ಕ್ಷಾರದ ಕಡೆ ವಾಲುತ್ತದೆ. ಆಗ ಮೆದುಳು "ಇಷ್ಟು ಜೋರಾಗಿ ಉಸಿರಾಡಬೇಡ" ಅಂತ ಬ್ರೇಕ್ ಹಾಕುತ್ತದೆ. ಒಂದು ಕಡೆ ಆಮ್ಲಜನಕ ಬೇಕು ಅಂತ ಒತ್ತಾಯ, ಇನ್ನೊಂದು ಕಡೆ ಬ್ರೇಕ್. ಲೇಹ್‌ನ ಮೊದಲ ರಾತ್ರಿ ನಿದ್ದೆಯಲ್ಲಿ ಉಸಿರು ಕೆಲವು ಸೆಕೆಂಡು ನಿಂತು, ಆಮೇಲೆ ದೊಡ್ಡ ಉಸಿರು ಬಂದು ಎಚ್ಚರವಾಗುವುದು ಇದೇ ಕಾರಣಕ್ಕೆ. ಪಕ್ಕದಲ್ಲಿ ಮಲಗಿದವರು ಹೆದರಿಬಿಡುತ್ತಾರೆ. ಬೇರೆ ತೊಂದರೆ ಇಲ್ಲದಿದ್ದರೆ ಇದರಿಂದ ಅಪಾಯವೇನಿಲ್ಲ.

ಈ ಬ್ರೇಕ್ ಸಡಿಲ ಮಾಡುವುದು ಮೂತ್ರಪಿಂಡದ ಕೆಲಸ. ಅದು ರಕ್ತದಲ್ಲಿರುವ ಬೈಕಾರ್ಬೊನೇಟ್ ಅನ್ನುವ ಕ್ಷಾರವನ್ನು ಮೂತ್ರದಲ್ಲಿ ಹೊರಗೆ ಹಾಕುತ್ತಾ ಬರುತ್ತದೆ. ಆದರೆ ಇದು ನಿಧಾನದ ಕೆಲಸ. ಚೆನ್ನಾಗಿ ಹೊಂದಿಕೊಳ್ಳಲು ನಾಲ್ಕೈದು ದಿನ ಬೇಕು, ಕೆಲವರಿಗೆ ಒಂದು ವಾರ. ನೀವು ಎಷ್ಟು ಓಡಿದ್ದೀರಿ, ಪಲ್ಸ್ ಎಷ್ಟಿದೆ ಅನ್ನುವುದನ್ನು ಮೂತ್ರಪಿಂಡ ಕೇಳುವುದಿಲ್ಲ. ಗುರುವಾರ ಇಳಿದವರಿಗೆ ಭಾನುವಾರದ ಹೊತ್ತಿಗೆ ಈ ಕೆಲಸ ಅರ್ಧದಲ್ಲಿರುತ್ತದೆ.

"ಎತ್ತರದಲ್ಲಿ ಕೆಂಪು ರಕ್ತಕಣ ಜಾಸ್ತಿ ಆಗುತ್ತದಲ್ವಾ" ಅಂತ ಓಟಗಾರರು ಕೇಳುತ್ತಾರೆ. ಆಗುತ್ತದೆ, ಆದರೆ ಅದಕ್ಕೆ ವಾರಗಟ್ಟಲೆ ಬೇಕು. ಎರಡು ದಿನಕ್ಕೆ ರಕ್ತ ಪರೀಕ್ಷೆ ಮಾಡಿದರೂ ಹಿಮೋಗ್ಲೋಬಿನ್ ಸ್ವಲ್ಪ ಏರಿದಂತೆ ಕಾಣುತ್ತದೆ. ರಕ್ತದಲ್ಲಿನ ನೀರಿನಂಶ ಇಳಿದು ರಕ್ತ ಗಟ್ಟಿಯಾಗಿರುತ್ತದೆ, ಅಷ್ಟೇ. ಹೊಸ ಕಣ ಹುಟ್ಟಿರುವುದಿಲ್ಲ.

ಈಗ ಫಿಟ್‌ನೆಸ್ ವಿಷಯ. ಇದನ್ನು ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲೇ ಜಾಸ್ತಿ ಜನ ಎಡವುತ್ತಾರೆ. ಎತ್ತರದ ಕಾಯಿಲೆ ಯಾರಿಗೆ ಬರುತ್ತದೆ ಅನ್ನುವುದಕ್ಕೂ ಓಟದ ಶಕ್ತಿಗೂ ಸಂಬಂಧವಿಲ್ಲ. ಮೂರು ಗಂಟೆ ಇಪ್ಪತ್ತು ನಿಮಿಷದಲ್ಲಿ ಫುಲ್ ಮುಗಿಸುವ ಮೂವತ್ತೆರಡರ ಯುವಕನಿಗೆ ಬರಬಹುದು, ಅವನ ಜೊತೆ ಬಂದ ಅತ್ತೆಗೆ ಬರದೇ ಇರಬಹುದು. ಓಟಗಾರರಿಗೆ ಇನ್ನೊಂದು ಅಪಾಯವೂ ಇದೆ. ನೋವು, ಸುಸ್ತನ್ನು ತಡೆದುಕೊಂಡು ಮುಂದೆ ಹೋಗುವುದನ್ನು ನಾವು ವರ್ಷಗಟ್ಟಲೆ ಕಲಿತಿರುತ್ತೇವೆ. ಮುಂಬೈಯ ಪೆಡ್ಡರ್ ರೋಡ್ ಏರಿನಲ್ಲಿ ಆ ಗುಣ ನಿಮ್ಮನ್ನು ಕಾಪಾಡಿರುತ್ತದೆ. ಲೇಹ್‌ನಲ್ಲಿ ಅದೇ ಗುಣ ಕೈ ಕೊಡುತ್ತದೆ.

ನಾನು ಹಿಂದೆ ಒಂದು ಓಟಗಾರರ ಗುಂಪಿನ ಜೊತೆ ಲೇಹ್‌ಗೆ ಹೋಗಿದ್ದೆ. ಗುಂಪಿನಲ್ಲಿ ಎಲ್ಲರಿಗಿಂತ ವೇಗದವನು ಗುರುವಾರವೇ ಸಂಜೆ ಆರು ಕಿಲೋಮೀಟರ್ ಓಡಿ ಬಂದ. ರಾತ್ರಿ ತಲೆನೋವು. ಯಾರಿಗೂ ಹೇಳಲಿಲ್ಲ, ಎರಡು ಮಾತ್ರೆ ನುಂಗಿ ಮಲಗಿದ. ಶುಕ್ರವಾರ ಊಟ ಸೇರಲಿಲ್ಲ. ಶನಿವಾರ ಒಣ ಕೆಮ್ಮು ಶುರುವಾಯಿತು, ಧೂಳಿನಿಂದ ಅಂದ. ರಾತ್ರಿ ಹನ್ನೊಂದಕ್ಕೆ ಅವನ ರೂಮಿನ ಜೊತೆಗಾರ ಬಂದು ನನ್ನ ಬಾಗಿಲು ಬಡಿದ. ಹುಡುಗ ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದ. ಒಂದು ವಾಕ್ಯ ಪೂರ್ತಿ ಹೇಳಲು ಉಸಿರು ಸಾಲುತ್ತಿರಲಿಲ್ಲ. ಬೆರಳಿಗೆ ಹಾಕುವ ಆಕ್ಸಿಮೀಟರ್ 61 ತೋರಿಸಿತು. ಶ್ವಾಸಕೋಶದಲ್ಲಿ ನೀರು ತುಂಬಲು ಶುರುವಾಗಿತ್ತು. ಆಸ್ಪತ್ರೆಯಲ್ಲಿ ರಾತ್ರಿಯಿಡೀ ಆಮ್ಲಜನಕ ಕೊಟ್ಟರು, ಮರುದಿನ ಆಮ್ಲಜನಕದ ಸಮೇತವೇ ದೆಹಲಿಗೆ ಇಳಿಸಿದರು. ಉಳಿದುಕೊಂಡ. ಗುರುವಾರ ರಾತ್ರಿಯೇ ತಲೆನೋವು ಅಂತ ಒಂದು ಮಾತು ಹೇಳಿದ್ದರೆ ಇಷ್ಟೆಲ್ಲ ಆಗುತ್ತಿರಲಿಲ್ಲ. ನಾನೂ ಅವನನ್ನು ಕೂರಿಸಿ ಕೇಳಬೇಕಿತ್ತು. ಆಮೇಲಿಂದ ನಾನು ಯಾವ ಗುಂಪಿನ ಜೊತೆ ಹೋದರೂ ಬೆಳಗ್ಗೆ, ಸಂಜೆ ಪ್ರತಿಯೊಬ್ಬರನ್ನೂ ಕೇಳುತ್ತೇನೆ: ತಲೆನೋವಿದೆಯಾ, ಊಟ ಸೇರಿತಾ, ನಿದ್ದೆ ಬಂತಾ.

ಎತ್ತರದ ಕಾಯಿಲೆ ಮೂರು ರೂಪದಲ್ಲಿ ಬರುತ್ತದೆ. ಮೊದಲನೆಯದು ಎಲ್ಲರೂ ಕೇಳಿರುವ ಪರ್ವತ ಕಾಯಿಲೆ. ಇಳಿದ ಆರರಿಂದ ಹನ್ನೆರಡು ಗಂಟೆಯೊಳಗೆ ತಲೆನೋವು, ವಾಕರಿಕೆ, ತಲೆ ಸುತ್ತು, ಸುಸ್ತು. ತುಂಬಾ ಜನರಿಗೆ ಸ್ವಲ್ಪ ಮಟ್ಟಿಗೆ ಬರುತ್ತದೆ, ವಿಶ್ರಾಂತಿ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ಹೋಗುತ್ತದೆ. ಎರಡನೆಯದು ಆ ಹುಡುಗನಿಗೆ ಬಂದದ್ದು, ಶ್ವಾಸಕೋಶಕ್ಕೆ ನೀರು. ಹೆಚ್ಚಾಗಿ ಎರಡರಿಂದ ನಾಲ್ಕನೇ ದಿನದ ನಡುವೆ, ಅದರಲ್ಲೂ ರಾತ್ರಿ ಹೊತ್ತು ಕಾಣಿಸಿಕೊಳ್ಳುತ್ತದೆ. ಸುಮ್ನೆ ಕೂತಾಗಲೂ ಏದುಸಿರು, ಬಿಡದ ಕೆಮ್ಮು, ಕೊನೆಗೆ ಗುಲಾಬಿ ನೊರೆಯ ಕಫ. ಮೂರನೆಯದು ಮೆದುಳಿನ ಬಾವು. ಮಾತು ತೊದಲುತ್ತದೆ, ನಡಿಗೆ ತಪ್ಪುತ್ತದೆ, ಮನುಷ್ಯ ಮಂಕಾಗುತ್ತಾನೆ. ಇದನ್ನು ಹಿಡಿಯಲು ಒಂದು ಸುಲಭದ ಪರೀಕ್ಷೆ ಇದೆ. ನೆಲದ ಮೇಲೆ ನೇರ ಗೆರೆ ಇದೆ ಅಂದುಕೊಂಡು, ಒಂದು ಕಾಲಿನ ಹಿಮ್ಮಡಿಗೆ ಇನ್ನೊಂದರ ಹೆಬ್ಬೆರಳು ತಾಗಿಸಿ ಹತ್ತು ಹೆಜ್ಜೆ ನಡೆಯಲು ಹೇಳಿ. ತೂರಾಡಿದರೆ ಕಾಯಬೇಡಿ. ಎರಡನೆಯದಕ್ಕೂ ಮೂರನೆಯದಕ್ಕೂ ಮದ್ದು ಒಂದೇ, ಆಮ್ಲಜನಕ ಕೊಟ್ಟು ಕೆಳಗೆ ಇಳಿಸುವುದು. ಉಳಿದ ಔಷಧಿಗಳೆಲ್ಲ ಅಲ್ಲಿಯವರೆಗೆ ಹೊತ್ತು ಕಳೆಯಲು.

ನೀವು ಬರೆದ ದಿನಗಳನ್ನು ಈಗ ಮತ್ತೆ ನೋಡಿ. ಗುರುವಾರ ಇಳಿದರೆ ಭಾನುವಾರ ನಾಲ್ಕನೇ ದಿನ. ಶ್ವಾಸಕೋಶಕ್ಕೆ ನೀರು ಬರುವ ಅಪಾಯ ಜಾಸ್ತಿ ಇರುವ ದಿನಗಳು ಮುಗಿಯುವ ಮೊದಲೇ ಐದು ಗಂಟೆಗೂ ಮೀರಿ ಓಡುತ್ತೀರಿ. ಜೋರಾಗಿ ದಣಿಯುವುದೂ, ಚಳಿಯೂ ಈ ತೊಂದರೆಯನ್ನು ಹೆಚ್ಚಿಸುತ್ತವೆ. ಓಡಿದ ಮರುದಿನವೇ 5,300 ಮೀಟರ್ ದಾಟಿದ ಖಾರ್ದುಂಗ್ ಲಾ ಹತ್ತಿ ನುಬ್ರಾಗೆ ಹೋಗುತ್ತೀರಿ, ಅಲ್ಲಿಂದ ಲೇಹ್‌ಗಿಂತ 700 ಮೀಟರ್ ಎತ್ತರದಲ್ಲಿರುವ ಪ್ಯಾಂಗಾಂಗ್ ದಂಡೆಯಲ್ಲಿ ರಾತ್ರಿ ಮಲಗುತ್ತೀರಿ. ಜೊತೆಗೆ ಹಿಮೋಗ್ಲೋಬಿನ್ 10 ಇರುವ ನಿಮ್ಮ ಮನೆಯವರು. ಹೀಗೆ ಹೋಗಿ ಏನೂ ಆಗದೆ ಬಂದವರು ಇದ್ದಾರೆ, ಇಲ್ಲ ಅನ್ನುವುದಿಲ್ಲ. ಆದರೆ ಡಾಕ್ಟರಾಗಿ ನಾನು ಇದಕ್ಕೆ ಹೂಂ ಅನ್ನಲಾರೆ.

ಶನಿವಾರ ಇಳಿದು ಭಾನುವಾರ ಓಡು ಅಂತ ನಿಮ್ಮ ಗೆಳೆಯರು ಹೇಳಿದ್ದು ಎಲ್ಲಿಂದ ಬಂತು ಅಂತ ನನಗೆ ಗೊತ್ತು. ಫುಟ್‌ಬಾಲ್‌ನಿಂದ. ಬೊಲಿವಿಯಾದ ಲಾ ಪಾಜ್ ಊರು 3,600 ಮೀಟರ್ ಎತ್ತರದಲ್ಲಿದೆ. ಅಲ್ಲಿ ಆಡಲು ಬರುವ ಹೊರದೇಶದ ತಂಡಗಳು ಕೆಳಗಿನ ಊರಿನಲ್ಲಿ ಉಳಿದು, ಪಂದ್ಯಕ್ಕೆ ಕೆಲವೇ ಗಂಟೆ ಇರುವಾಗ ಮೇಲೆ ಹಾರಿ, ಆಡಿ, ಕೂಡಲೇ ಇಳಿದುಬಿಡುವುದುಂಟು. ತಲೆನೋವು, ವಾಕರಿಕೆ ಶುರುವಾಗುವ ಮೊದಲೇ ಮುಗಿಸುವ ಉಪಾಯ ಅದು. ಆದರೆ ಆ ಪಂದ್ಯ 90 ನಿಮಿಷದ್ದು, ಬದಲಿ ಆಟಗಾರರಿರುತ್ತಾರೆ, ಆ ರಾತ್ರಿ ಅವರು ಅಲ್ಲಿ ಮಲಗುವುದಿಲ್ಲ. ನೀವು ಶನಿವಾರ ರಾತ್ರಿ ಅಲ್ಲೇ ಮಲಗುತ್ತೀರಿ. ಸರಿಯಾಗಿ ತಲೆನೋವು ಬರುವ ಹೊತ್ತಿಗೆ ಎದ್ದು ಶೂ ಕಟ್ಟಬೇಕಾಗುತ್ತದೆ.

ಕರ್ಪೂರ ಮೂಸಿದರೆ ಮೂಗಿನಲ್ಲಿ ತಣ್ಣಗಾಗುತ್ತದೆ, ಉಸಿರು ಸಲೀಸಾದಂತೆ ಅನಿಸುತ್ತದೆ. ರಕ್ತದಲ್ಲಿ ಆಮ್ಲಜನಕ ಒಂದು ಚೂರೂ ಏರುವುದಿಲ್ಲ. ಇಟ್ಟುಕೊಂಡರೆ ನನ್ನ ಅಡ್ಡಿಯಿಲ್ಲ, ಆದರೆ ಬಾಯಿಗೆ ಹಾಕಬೇಡಿ, ಮಕ್ಕಳ ಕೈಗೆ ಸಿಗದಂತೆ ನೋಡಿಕೊಳ್ಳಿ, ನುಂಗಿದರೆ ಅದು ವಿಷ. ಅಂಗಡಿಯಲ್ಲಿ ಸಿಗುವ ಚಿಕ್ಕ ಆಮ್ಲಜನಕದ ಡಬ್ಬಿ ಕೆಲವು ನಿಮಿಷಕ್ಕೆ ಖಾಲಿ. ಬೆಳ್ಳುಳ್ಳಿ ತಿಂದರೆ ಕೆಡುಕಿಲ್ಲ, ಕಾಪಾಡುತ್ತದೆ ಅಂತ ನಂಬಬೇಡಿ. ನೀರು ಜಾಸ್ತಿ ಕುಡಿದರೆ ಕಾಯಿಲೆ ಬರುವುದಿಲ್ಲ ಅನ್ನುವುದು ಇವೆಲ್ಲಕ್ಕಿಂತ ಅಪಾಯದ ನಂಬಿಕೆ. ಒಣ ಹವೆ, ಬಾಯಾರಿಕೆ ಆದಾಗೆಲ್ಲ ಕುಡಿಯಲೇಬೇಕು. ಆದರೆ ಬಾಯಾರಿಕೆ ಇಲ್ಲದೆ ದಿನಕ್ಕೆ ಐದಾರು ಲೀಟರ್ ಸುರಿದುಕೊಂಡರೆ ರಕ್ತದ ಸೋಡಿಯಂ ಇಳಿಯುತ್ತದೆ. ಅದರ ಲಕ್ಷಣವೂ ತಲೆನೋವು, ವಾಕರಿಕೆ, ಗೊಂದಲವೇ. ಯಾವುದು ಎತ್ತರದ್ದು, ಯಾವುದು ನೀರಿನದು ಅಂತ ನಮಗೇ ತಿಳಿಯದೆ ಹೋಗುತ್ತದೆ.

ಮುಳ್ಳಯ್ಯನಗಿರಿಯ ಮಾತು. ಕರ್ನಾಟಕದಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ, ಆದರೂ 1,930 ಮೀಟರ್. ಅಲ್ಲಿ ಎರಡು ಗಂಟೆ ಓಡಿ, ಸಂಜೆ ದಾವಣಗೆರೆಗೆ ಬಂದು ಮಲಗಿದರೆ ದೇಹ ಎತ್ತರಕ್ಕೆ ಹೊಂದಿಕೊಳ್ಳುವುದಿಲ್ಲ. ಎತ್ತರವೂ ಸಾಲದು, ಹೊತ್ತೂ ಸಾಲದು. ಮುಖಕ್ಕೆ ಹಾಕಿಕೊಳ್ಳುವ ಟ್ರೇನಿಂಗ್ ಮಾಸ್ಕೂ ಅಷ್ಟೇ, ಉಸಿರಾಡುವುದನ್ನು ಕಷ್ಟ ಮಾಡುತ್ತದೆ, ಒತ್ತಡವನ್ನು ಇಳಿಸುವುದಿಲ್ಲ. ಆದರೂ ಮುಳ್ಳಯ್ಯನಗಿರಿಗೆ ಹೋಗಿ. ಏರಿನಲ್ಲಿ ವೇಗ ಬಿಟ್ಟುಕೊಟ್ಟು ನಡೆಯುವುದನ್ನು, ಇಳಿಜಾರಿನಲ್ಲಿ ತೊಡೆ ಹಾಳಾಗದಂತೆ ಇಳಿಯುವುದನ್ನು ಅಲ್ಲಿ ಕಲಿಯಬಹುದು. ಲೇಹ್‌ನಲ್ಲಿ ಎರಡೂ ಬೇಕಾಗುತ್ತವೆ. ಅಲ್ಲಿ ಓಡುವಾಗ ವಾಚಿನಲ್ಲಿ ವೇಗ ನೋಡದೆ, ಉಸಿರಿನ ಮೇಲೆ ಓಡಿ ಅಭ್ಯಾಸ ಮಾಡಿ. ಪಕ್ಕದವರ ಜೊತೆ ಒಂದು ಪೂರ್ತಿ ವಾಕ್ಯ ಮಾತಾಡಲು ಆಗಬೇಕು. ಆಗದಿದ್ದರೆ ನಡೆಯಿರಿ.

ಡೈಮಾಕ್ಸ್ ಬಗ್ಗೆ ಎರಡು ತಪ್ಪು ತಿಳುವಳಿಕೆ ಇದೆ. ಅದು ಲಕ್ಷಣವನ್ನು ಮುಚ್ಚಿಡುತ್ತದೆ ಅನ್ನುವುದು ಒಂದು. ಅಸೆಟಜೋಲಮೈಡ್ ಅನ್ನುವ ಈ ಔಷಧಿ ಮಾಡುವುದು ಮೂತ್ರಪಿಂಡ ನಾಲ್ಕೈದು ದಿನದಲ್ಲಿ ಮಾಡುವ ಕೆಲಸವನ್ನೇ, ಬೇಗ. ಬೈಕಾರ್ಬೊನೇಟ್ ಹೊರಗೆ ಹೋಗುತ್ತದೆ, ಬ್ರೇಕ್ ಸಡಿಲವಾಗುತ್ತದೆ, ರಾತ್ರಿ ಉಸಿರು ಸರಿಯಾಗುತ್ತದೆ. ಹಾಗಾಗಿ ಮುಚ್ಚಿಡುವ ಮಾತಿಲ್ಲ. ಎರಡನೆಯ ತಪ್ಪು, ಡೈಮಾಕ್ಸ್ ಇದ್ದರೆ ಹೊಂದಿಕೊಳ್ಳಲು ದಿನ ಬೇಡ ಅನ್ನುವುದು. ಕಾಯಿಲೆ ಬರುವ ಸಾಧ್ಯತೆಯನ್ನು ಅದು ಇಳಿಸುತ್ತದೆ, ಇಲ್ಲವಾಗಿಸುವುದಿಲ್ಲ. ಸಾಮಾನ್ಯವಾಗಿ 125 ಮಿಲಿಗ್ರಾಂ, ದಿನಕ್ಕೆರಡು ಸಲ, ಹೊರಡುವ ಹಿಂದಿನ ದಿನದಿಂದ ಶುರುಮಾಡಿ, ತಲುಪಿದ ಮೇಲೆ ಎರಡು ದಿನ. ಬೆರಳ ತುದಿ ಜುಮ್ಮೆನ್ನುತ್ತದೆ, ಮೂತ್ರ ಜಾಸ್ತಿಯಾಗುತ್ತದೆ, ಸೋಡಾದ ರುಚಿ ಕೆಡುತ್ತದೆ. ಸಲ್ಫಾ ಔಷಧಿ ಅಲರ್ಜಿ ಇದ್ದವರು, ಮೂತ್ರಪಿಂಡದ ತೊಂದರೆ ಇದ್ದವರು ಡಾಕ್ಟರನ್ನು ಕೇಳದೆ ಮುಟ್ಟಬಾರದು. ಊರಿನಲ್ಲಿ ಒಂದು ದಿನ ತೆಗೆದುಕೊಂಡು ನೋಡಿ, ಅಲ್ಲಿ ಹೋಗಿ ಮೊದಲ ಸಲ ಬೇಡ.

ಓಟಗಾರರಿಗೆ ಬೇರೆ ಯಾರೂ ಹೇಳದ ವಿಷಯ ಒಂದಿದೆ. ಅಸೆಟಜೋಲಮೈಡ್ ಮೂತ್ರವರ್ಧಕ. ಕ್ರೀಡೆಯಲ್ಲಿ ಉದ್ದೀಪನ ಮದ್ದು ತಡೆಯುವ ಅಂತರರಾಷ್ಟ್ರೀಯ ಸಂಸ್ಥೆ ವಾಡಾದ ನಿಷೇಧಿತ ಪಟ್ಟಿಯಲ್ಲಿ ಮೂತ್ರವರ್ಧಕಗಳು ಇವೆ, ಸ್ಪರ್ಧೆಯಲ್ಲೂ ಹೊರಗೂ. ನಿಮ್ಮಂಥ ಹವ್ಯಾಸಿ ಓಟಗಾರರನ್ನು ಪರೀಕ್ಷೆ ಮಾಡುವುದು ಅಪರೂಪ, ಆದರೆ ನಿಯಮ ಎಲ್ಲರಿಗೂ ಒಂದೇ. ಓಟದ ಶಕ್ತಿಯನ್ನೂ ಅದು ಸ್ವಲ್ಪ ಇಳಿಸಬಹುದು. ಆದ್ದರಿಂದ ಓಟಗಾರರಿಗೆ ನಾನು ಮೊದಲು ಕೇಳುವುದು ದಿನ, ಮಾತ್ರೆ ಆಮೇಲೆ. ಓಡದೇ ಜೊತೆಗೆ ಬರುವವರಿಗೆ ಈ ತೊಡಕಿಲ್ಲ. ಇನ್ನು ಡೆಕ್ಸಾಮೆಥಾಸೋನ್ ಮಾತ್ರೆಯನ್ನು ಜೇಬಿನಲ್ಲಿಟ್ಟುಕೊಂಡು ಓಡುವವರನ್ನು ನೋಡಿದ್ದೇನೆ. ಅದು ಜೀವಕ್ಕೆ ಕುತ್ತು ಬಂದಾಗ ಕೊಡುವ ಔಷಧಿ. ಲಕ್ಷಣವನ್ನು ನಿಜವಾಗಿಯೂ ಮುಚ್ಚಿಡುವುದು ಇದು. ದಯವಿಟ್ಟು ಬೇಡ.

ಹಾಗಾದರೆ ಏನು ಮಾಡುವುದು? ನಿಮಗೆ ನಾನು ಹೇಳುವ ಮೊದಲ ದಾರಿ ಇದು. ಓಟಕ್ಕೆ ಒಂದು ವಾರ ಮುಂಚಿನ ಶನಿವಾರ ದಾವಣಗೆರೆ ಬಿಡಿ. ಬೆಂಗಳೂರಿನಿಂದ ದೆಹಲಿಗೆ ಹೋಗಿ ಅಲ್ಲಿ ರಾತ್ರಿ ಚೆನ್ನಾಗಿ ಮಲಗಿ. ರಾತ್ರಿಯಿಡೀ ವಿಮಾನ ನಿಲ್ದಾಣದಲ್ಲಿ ಕೂತು, ನಿದ್ದೆಗೆಟ್ಟು ಲೇಹ್‌ಗೆ ಇಳಿಯಬೇಡಿ. ಲೇಹ್ ವಿಮಾನಗಳು ಹೆಚ್ಚಾಗಿ ಬೆಳಗಿನ ಹೊತ್ತಿನವು, ಮಧ್ಯಾಹ್ನ ಕಣಿವೆಯಲ್ಲಿ ಗಾಳಿ ಏಳುತ್ತದೆ. ಭಾನುವಾರ ಬೆಳಗ್ಗೆ ಇಳಿದರೆ ಮುಂದಿನ ಭಾನುವಾರ ಓಟ. ನಡುವೆ ಏಳು ರಾತ್ರಿ ಸಿಕ್ಕಿತು. ಸೋಮವಾರ ವಾಪಸ್. ಸೋಮವಾರದಿಂದ ಶುಕ್ರವಾರ ಐದು, ಮುಂದಿನ ಸೋಮವಾರ ಒಂದು, ಒಟ್ಟು ಆರು ದಿನದ ರಜೆ. ಎರಡು ಶನಿವಾರ ಬರುತ್ತವೆ, ಅದರಲ್ಲಿ ಒಂದು ಬ್ಯಾಂಕಿನ ಕೆಲಸದ ದಿನವಾದರೆ ಆ ಒಂದು ದಿನ ಮಾತ್ರ ಜಾಸ್ತಿ ಕೇಳಬೇಕು. ನಾಲ್ಕು ತಿಂಗಳು ಮುಂಚೆ ಕೇಳಿದರೆ ಮ್ಯಾನೇಜರ್ ಕೊಡುತ್ತಾರೆ ಅಂದುಕೊಳ್ಳುತ್ತೇನೆ.

ಇಳಿದ ಮೊದಲ ಎರಡು ದಿನ ರೂಮು, ಊಟ, ನಿದ್ದೆ. ಅಂಗಳದಲ್ಲಿ ನಾಲ್ಕು ಹೆಜ್ಜೆ ಓಡಾಡಿದರೆ ಸಾಕು. ಮದ್ಯ ಬೇಡ, ನಿದ್ದೆ ಮಾತ್ರೆ ಬೇಡ, ಎರಡೂ ರಾತ್ರಿಯ ಉಸಿರನ್ನು ಇನ್ನೂ ತಗ್ಗಿಸುತ್ತವೆ. ಮೂರನೇ ದಿನ ಮಾರುಕಟ್ಟೆಯಲ್ಲಿ ನಿಧಾನವಾಗಿ ನಡೆಯಿರಿ. ತಲೆನೋವಿಲ್ಲ, ಊಟ ಸೇರುತ್ತಿದೆ ಅಂದರೆ ನಾಲ್ಕನೇ ದಿನ ಮೂರು ಕಿಲೋಮೀಟರ್ ಮೆಲ್ಲಗೆ ಓಡಿ. ಐದನೇ ದಿನ ಐದು. ಆರನೇ ದಿನ ಶಾಂತಿ ಸ್ತೂಪದ ಮೆಟ್ಟಿಲನ್ನು ನಡೆದು ಹತ್ತಿ, ಏಳನೇ ದಿನ ವಿಶ್ರಾಂತಿ. ಈ ವಾರದಲ್ಲಿ ಕಾಲಿಗೆ ಶಕ್ತಿ ತುಂಬಲು ಹೋಗಬೇಡಿ, ಅದು ಊರಿನಲ್ಲೇ ಆಗಿರಬೇಕು.

ಮನೆಯವರಿಗೆ ಬೇಸರ ಆಗುತ್ತದೆ ಅಂತ ಚಿಂತೆ ಬೇಡ. ನಾಲ್ಕನೇ ದಿನದಿಂದ ಶೇ ಅರಮನೆ, ಥಿಕ್ಸೆ ಗೊಂಪಾ ನೋಡಬಹುದು, ಎರಡೂ ಹೆಚ್ಚುಕಡಿಮೆ ಲೇಹ್‌ನ ಎತ್ತರದಲ್ಲೇ ಇವೆ. ನಿಮ್ಮುವಿನ ಹತ್ತಿರ ಸಿಂಧೂ, ಝನ್ಸ್ಕಾರ್ ನದಿಗಳು ಸೇರುವ ಸಂಗಮ ಲೇಹ್‌ಗಿಂತ ಕೆಳಗಿದೆ. ಖಾರ್ದುಂಗ್ ಲಾ, ಪ್ಯಾಂಗಾಂಗ್ ಎರಡನ್ನೂ ಓಟದ ಮುಂಚೆ ಇಟ್ಟುಕೊಳ್ಳಬೇಡಿ. ಇನ್ನೊಂದು ವರ್ಷ ಓಟವಿಲ್ಲದೆ ಹೋಗಿ ನೋಡಿ.

ಎರಡನೇ ದಾರಿ ರಸ್ತೆ. ಶ್ರೀನಗರಕ್ಕೆ ಹಾರಿ, ಕಾರ್ಗಿಲ್‌ನಲ್ಲಿ ಒಂದು ರಾತ್ರಿ ಮಲಗಿ ಲೇಹ್ ಸೇರುವುದು. ಶ್ರೀನಗರ ಸುಮಾರು 1,600 ಮೀಟರ್, ಕಾರ್ಗಿಲ್ ಸುಮಾರು 2,700. ದೇಹಕ್ಕೆ ಇದು ವಿಮಾನಕ್ಕಿಂತ ಎಷ್ಟೋ ಒಳ್ಳೆಯದು, ಆದರೆ ಎರಡು ದಿನದ ಕಾರಿನ ದಣಿವಿದೆ, ಖರ್ಚೂ ಇದೆ. ಮನಾಲಿಯ ದಾರಿ ಬೇಡ. ಅಲ್ಲಿ ನಡುವಿನ ರಾತ್ರಿಯನ್ನು ಹೆಚ್ಚಿನವರು ಸರ್ಚುವಿನಲ್ಲಿ ಕಳೆಯುತ್ತಾರೆ. ಅದು 4,290 ಮೀಟರ್, ಲೇಹ್‌ಗಿಂತಲೂ ಮೇಲೆ. ಎಷ್ಟೋ ಜನ ಲೇಹ್ ಸೇರುವ ಮೊದಲೇ ಅಲ್ಲಿ ಕಾಯಿಲೆ ಬೀಳುತ್ತಾರೆ.

ರಜೆಯನ್ನು ಹೀಗೆ ಹೊಂದಿಸಲು ಆಗಲೇ ಇಲ್ಲ, ಗುರುವಾರವೇ ಇಳಿಯಬೇಕು ಅಂದರೆ ಫುಲ್ ಬಿಡಿ. ಹಾಫ್ ಓಡಲೇ ಅಂತ ಕೇಳಬಹುದು. ಮೂರು ರಾತ್ರಿ ಕಳೆದು 21 ಕಿಲೋಮೀಟರ್ ಕೂಡ ನಾನು ಒಪ್ಪುವುದಿಲ್ಲ. ಅಲ್ಲಿ ಚಿಕ್ಕ ಓಟಗಳೂ ಇವೆ. ತಲೆನೋವು, ಕೆಮ್ಮು ಏನೂ ಇಲ್ಲದಿದ್ದರೆ ಸಂಘಟಕರನ್ನು ಕೇಳಿ ಅದಕ್ಕೆ ಬದಲಾಯಿಸಿಕೊಂಡು, ಅರ್ಧ ನಡೆದು ಅರ್ಧ ಓಡಿ. ಅದೂ ಬೇಡ ಅನಿಸಿದರೆ ಈ ವರ್ಷ ಹೆಸರು ಕೊಟ್ಟ ದುಡ್ಡು ಹೋಗಲಿ, ಜನವರಿಯಲ್ಲಿ ಮುಂಬೈ ಮತ್ತೆ ಓಡಿ, ಮುಂದಿನ ಸೆಪ್ಟೆಂಬರಿಗೆ ಹತ್ತು ದಿನ ಉಳಿಸಿಕೊಂಡು ಲೇಹ್‌ಗೆ ಹೋಗಿ.

ಏಳು ರಾತ್ರಿ ಕಳೆದು ಹೋದರೂ ಟೈಮಿಂಗ್ ಆಸೆ ಬಿಡಬೇಕು. 3,500 ಮೀಟರ್‌ನಲ್ಲಿ ದೇಹ ಆಮ್ಲಜನಕ ಬಳಸುವ ಶಕ್ತಿ ಸುಮಾರು ಐದರಲ್ಲೊಂದು ಭಾಗ ಇಳಿಯುತ್ತದೆ, ಕೆಲವರಲ್ಲಿ ಇನ್ನೂ ಜಾಸ್ತಿ. 1968ರ ಒಲಿಂಪಿಕ್ಸ್ ನಡೆದ ಮೆಕ್ಸಿಕೊ ನಗರ ಇರುವುದು ಬರೀ 2,240 ಮೀಟರ್ ಎತ್ತರದಲ್ಲಿ. ಆಗ 10,000 ಮೀಟರ್ ಓಟದ ವಿಶ್ವ ದಾಖಲೆ ಆಸ್ಟ್ರೇಲಿಯಾದ ರಾನ್ ಕ್ಲಾರ್ಕ್ ಹೆಸರಿನಲ್ಲಿತ್ತು, 27 ನಿಮಿಷ 39 ಸೆಕೆಂಡು. ಅಲ್ಲಿ ಚಿನ್ನ ಗೆದ್ದ ಕೀನ್ಯಾದ ನಫ್ತಾಲಿ ಟೆಮು ತೆಗೆದುಕೊಂಡದ್ದು 29 ನಿಮಿಷ 27 ಸೆಕೆಂಡು. ಕ್ಲಾರ್ಕ್ ಆರನೆಯವರಾಗಿ ಗುರಿ ಮುಟ್ಟಿ ಕುಸಿದು ಬಿದ್ದರು, ಅವರಿಗೆ ಆಮ್ಲಜನಕ ಕೊಡಬೇಕಾಯಿತು. ಜಗತ್ತಿನಲ್ಲೇ ವೇಗದ ಮನುಷ್ಯನಿಗೆ, ಲೇಹ್‌ಗಿಂತ ಸಾವಿರ ಮೀಟರ್‌ಗೂ ಹೆಚ್ಚು ಕೆಳಗೆ, ಹಾಗಾಯಿತು. ನಿಮ್ಮ 4 ಗಂಟೆ 22 ನಿಮಿಷಕ್ಕೆ ಕನಿಷ್ಠ ಒಂದು ಗಂಟೆ ಸೇರಿಸಿಕೊಳ್ಳಿ. ಮೊದಲ ಹತ್ತು ಕಿಲೋಮೀಟರ್ ತೀರಾ ನಿಧಾನ ಅನಿಸಬೇಕು, ಅದೇ ಸರಿಯಾದ ವೇಗ.

ಊಟದ ಬಗ್ಗೆ ಒಂದು ಮಾತು. ಎತ್ತರದಲ್ಲಿ ಹಸಿವು ಸಾಯುತ್ತದೆ. ಅಲ್ಲಿ ನೀರು ಸುಮಾರು 88 ಡಿಗ್ರಿಗೇ ಕುದಿಯುವುದರಿಂದ ಕುಕ್ಕರ್ ಇಲ್ಲದ ಕಡೆ ಅನ್ನ, ಬೇಳೆ ಸರಿಯಾಗಿ ಬೇಯುವುದಿಲ್ಲ. ಅವಲಕ್ಕಿ, ಚಟ್ನಿಪುಡಿ, ಹುರಿದ ರಾಗಿಹಿಟ್ಟು ಒಯ್ಯಿರಿ. ಬಾಯಿಗೆ ಗೊತ್ತಿರುವ ರುಚಿ ಇದ್ದರೆ ಎರಡು ತುತ್ತು ಜಾಸ್ತಿ ಒಳಗೆ ಹೋಗುತ್ತದೆ, ಅಲ್ವಾ. ಓಟದ ದಿನ ನೋವಿಗೆ ಐಬುಪ್ರೊಫೆನ್ ನುಂಗಬೇಡಿ, ನೀರು ಕಡಿಮೆಯಾದ ದೇಹದಲ್ಲಿ ಅದು ಮೂತ್ರಪಿಂಡಕ್ಕೆ ಹೊಡೆಯುತ್ತದೆ. ಮೊಬೈಲ್ ಪೋಸ್ಟ್‌ಪೇಯ್ಡ್ ಇರಲಿ, ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಲಡಾಖ್‌ನಲ್ಲಿ ನಡೆಯುವುದಿಲ್ಲ. ರಾತ್ರಿ ಹೊತ್ತು ಯಾರನ್ನಾದರೂ ಕರೆಯಬೇಕಾದಾಗ ಇದು ಚಿಕ್ಕ ವಿಷಯವಲ್ಲ. ಆಕ್ಸಿಮೀಟರ್ ಒಂದು ಇಟ್ಟುಕೊಳ್ಳಿ, ಆದರೆ ಅದರ ಅಂಕಿಗೆ ಹೆದರಬೇಡಿ. ಲೇಹ್‌ನಲ್ಲಿ ಮೊದಲ ದಿನ 85ರಿಂದ 90 ಇರುವುದು ಸಾಮಾನ್ಯ, ಬೆರಳು ತಣ್ಣಗಿದ್ದರೆ ಇನ್ನೂ ಕಡಿಮೆ ತೋರಿಸುತ್ತದೆ. ಅಂಕಿ ಚೆನ್ನಾಗಿದ್ದು ಕೂತಲ್ಲೇ ಏದುಸಿರು ಇದ್ದರೆ ಏದುಸಿರನ್ನು ನಂಬಿ. ಲೇಹ್‌ನ ಸೋನಂ ನೊರ್ಬೂ ಸ್ಮಾರಕ ಆಸ್ಪತ್ರೆಯವರು ಎತ್ತರದ ಕಾಯಿಲೆಯನ್ನು ದಿನವೂ ನೋಡುವವರು. ಅನುಮಾನ ಬಂದರೆ ಅಲ್ಲಿಗೆ ಹೋಗಿ, ಬೆಳಗಾಗಲಿ ಅಂತ ಕಾಯಬೇಡಿ.

ನಿಮ್ಮ ಮನೆಯವರ ವಿಷಯವನ್ನು ಪತ್ರದ ಕೊನೆಯಲ್ಲಿ ಬರೆದಿದ್ದೀರಿ. ನಾನು ಮೊದಲು ಅವರನ್ನೇ ನೋಡುತ್ತಿದ್ದೆ. ಬಿಪಿ ಹತೋಟಿಯಲ್ಲಿದ್ದರೆ ಲೇಹ್‌ಗೆ ಹೋಗಲು ಅಡ್ಡಿಯಿಲ್ಲ. ಮೊದಲ ದಿನಗಳಲ್ಲಿ ಎಲ್ಲರಿಗೂ ಬಿಪಿ ಸ್ವಲ್ಪ ಏರುತ್ತದೆ, ಆದ್ದರಿಂದ ಮಾತ್ರೆ ಒಂದು ದಿನವೂ ತಪ್ಪಬಾರದು, ಮನೆಯ ಬಿಪಿ ಮೆಷಿನ್ ಜೊತೆಗೆ ಬರಲಿ. ಅವರ ಬಿಪಿ ಮಾತ್ರೆಯಲ್ಲಿ ಮೂತ್ರವರ್ಧಕ ಸೇರಿದೆಯಾ ಅಂತ ಡಾಕ್ಟರನ್ನು ಕೇಳಿ, ಇದ್ದರೆ ಡೈಮಾಕ್ಸ್ ಕೊಡುವ ಮುಂಚೆ ಯೋಚಿಸಬೇಕಾಗುತ್ತದೆ. ಹಿಮೋಗ್ಲೋಬಿನ್ 10 ಮಾತ್ರ ಹಾಗೇ ಬಿಡುವಂಥದ್ದಲ್ಲ. ಆಮ್ಲಜನಕ ಹೊರುವ ಬುಟ್ಟಿಯೇ ಚಿಕ್ಕದಾಗಿದೆ, ಎತ್ತರದಲ್ಲಿ ಅದಕ್ಕೆ ತುಂಬಿಸಲು ಸಿಗುವುದೂ ಕಡಿಮೆ. ದೇಹದಲ್ಲಿ ಕೂಡಿಟ್ಟ ಕಬ್ಬಿಣ ಎಷ್ಟಿದೆ ಅಂತ ತೋರಿಸುವ ಫೆರಿಟಿನ್ ಪರೀಕ್ಷೆಯನ್ನು ಈ ವಾರವೇ ಮಾಡಿಸಿ, ಮುಟ್ಟಿನ ರಕ್ತಸ್ರಾವ ಜಾಸ್ತಿ ಇದೆಯಾ ಅಂತ ಡಾಕ್ಟರ ಹತ್ತಿರ ಬಿಚ್ಚಿ ಹೇಳಲಿ. ಕಬ್ಬಿಣದ ಕೊರತೆಯೇ ಕಾರಣವಾಗಿದ್ದರೆ ಮಾತ್ರೆಯಿಂದ ಎರಡು ಮೂರು ತಿಂಗಳಲ್ಲಿ ಸರಿಹೋಗುತ್ತದೆ. ಮಾತ್ರೆಯನ್ನು ನಿಂಬೆ ಪಾನಕದ ಜೊತೆ ತೆಗೆದುಕೊಳ್ಳಲಿ, ಕಾಫಿ, ಟೀ ಜೊತೆ ಬೇಡ. ನಿಮ್ಮ ಫೆರಿಟಿನ್ ಕೂಡ ಅದೇ ದಿನ ನೋಡಿಸಿ, ಜಾಸ್ತಿ ಓಡುವವರಲ್ಲೂ ಅದು ಇಳಿದಿರುತ್ತದೆ. 46 ವಯಸ್ಸಾಯಿತು, ಇಸಿಜಿ ಮತ್ತು ಟ್ರೆಡ್‌ಮಿಲ್ ಪರೀಕ್ಷೆ ಒಮ್ಮೆ ಆಗಿಬಿಡಲಿ.

ಆಗಸ್ಟ್ ಮೊದಲ ವಾರ ಅವರ ರಕ್ತ ಇನ್ನೊಮ್ಮೆ ಪರೀಕ್ಷೆ ಮಾಡಿಸಿ, ರಿಪೋರ್ಟ್ ಜೊತೆ ನನಗೆ ಬರೆಯಿರಿ. 12ರ ಹತ್ತಿರ ಬಂದಿದ್ದರೆ ಇಬ್ಬರೂ ಹೊರಡಿ. ಆಗಲೂ 10ರಲ್ಲೇ ನಿಂತಿದ್ದರೆ ಅವರು ಈ ಸಲ ಊರಿನಲ್ಲೇ ಇರಲಿ, ನಿಮ್ಮ ಜೊತೆ ಗುಂಪಿನವರು ಒಬ್ಬರಾದರೂ ಒಂದೇ ರೂಮಿನಲ್ಲಿ ಇರುವ ಹಾಗೆ ನೋಡಿಕೊಳ್ಳಿ.